ರೈತರ ಅಧ್ಯಯನದಿಂದ ವಿಶ್ವವಿದ್ಯಾಲಯದ ಆಡಳಿತಕ್ಕೆ

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನ ಪದವಿ ಪತ್ರಗಳಿದ್ದರೆ ಒಮ್ಮೆ ತೆರೆದು ನೋಡಿರಿ. ಬೀದರಿನಲ್ಲಿ ಹಿರಿಯರ ಪತ್ರ ಹೈದರಾಬಾದಿನ ಉಸ್ಮಾನಿಯಾದ್ದು. 1956ರ ಏಕೀಕರಣದ ತರುವಾಯ ಓದಿದವರದು ಧಾರವಾಡದ್ದು. 1980ರ ನಂತರದವರದು ಗುಲಬರ್ಗಾದ್ದು. 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿಯೇ ಬೀದರ ವಿಶ್ವವಿದ್ಯಾಲಯ ಆರಂಭವಾಯಿತು.

ಆದರೆ ಆದೇಶ ಹೊರಟ ಮಾತ್ರಕ್ಕೆ ವಿಶ್ವವಿದ್ಯಾಲಯ ಹುಟ್ಟುವುದಿಲ್ಲ. ಹುದ್ದೆಗಳ ಮಂಜೂರಾತಿ, ಪರೀಕ್ಷಾ ವಿಭಾಗ, ಕಾಲೇಜುಗಳ ಹಸ್ತಾಂತರ ಎಲ್ಲವನ್ನೂ ಯಾರಾದರೂ ಕುಳಿತು ಮಾಡಬೇಕು. ನಮ್ಮದೇ ಸೀಮೆಯ ರಾಯಚೂರಿನಲ್ಲಿ ಯರಗೇರಾ ಕೇಂದ್ರವನ್ನು ವಿಶ್ವವಿದ್ಯಾಲಯವಾಗಿಸುವ ಹೊತ್ತಿನಲ್ಲಿ ವಿಶೇಷಾಧಿಕಾರಿಯ ಹೊಣೆ ಹೊತ್ತವರು ರಾಜ್ಯಶಾಸ್ತ್ರಜ್ಞ ಮುಜಾಫರ್ ಅಸ್ಸಾದಿ.

ಉಡುಪಿ ಜಿಲ್ಲೆಯ ಶಿರ್ವದವರಾದ ಅವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಮೈಸೂರಿನಲ್ಲಿ ದೀರ್ಘಕಾಲ ಪಾಠ ಹೇಳಿದರು. ಕರ್ನಾಟಕದಲ್ಲಿ 1980ರಿಂದ 1994ರವರೆಗೆ ನಡೆದ ರೈತ ಚಳವಳಿಯ ಕುರಿತು ಗ್ರಂಥ ಬರೆದರು. ನವಲಗುಂದ, ನರಗುಂದಗಳ ರೈತರ ಸಿಟ್ಟಿನಲ್ಲಿ ರಾಜ್ಯಶಾಸ್ತ್ರವನ್ನು ಕಂಡ ಪೀಳಿಗೆ ಅವರದು. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಯನ್ನು ಅರಿಯಲು ಹೈಕೋರ್ಟ್ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 2014ರಲ್ಲಿ ಸಲ್ಲಿಕೆಯಾದ ಆ ವರದಿ 3,418 ಕುಟುಂಬಗಳು ಒಕ್ಕಲೆದ್ದುದನ್ನು ಲೆಕ್ಕವಿಟ್ಟು ಹೇಳಿತು. ಕಡತದಲ್ಲಿ ಹೆಸರೇ ಇಲ್ಲದವರನ್ನು ಎಣಿಸುವುದು ಸಣ್ಣ ಕೆಲಸವೇ? ಆಡಳಿತದ ನಿಜವಾದ ಪಾಠವನ್ನು ಅವರು ಕಲಿತದ್ದು ಕುಲಪತಿಯ ಕೊಠಡಿಯಲ್ಲಿ ಅಲ್ಲ, ಅಲ್ಲಿ ಎಂಬುದು ನನ್ನ ಎಣಿಕೆ.

ರಾಯಚೂರಿನ ಮೊದಲ ಕುಲಪತಿಯಾಗಿ ಬಂದ ಹರೀಶ್ ರಾಮಸ್ವಾಮಿ ಅವರೂ ರಾಜ್ಯಶಾಸ್ತ್ರದವರೇ, ಧಾರವಾಡದಿಂದ ಬಂದವರು. ಅಸ್ಸಾದಿಯವರು ಮುಂದೆ ಮೈಸೂರು ವಿಶ್ವವಿದ್ಯಾಲಯದ ಹಂಗಾಮಿ ಕುಲಪತಿಯಾದರು. 2025ರ ಜನವರಿ 4ರಂದು ತೀರಿಕೊಂಡರು.

ಅದಾದ ಮರುತಿಂಗಳಲ್ಲೇ, ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು. ಹಣವಿಲ್ಲ, ಭೂಮಿಯಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕಾರಣ. ಬೀದರ ಒಂದನ್ನೇ ಪಟ್ಟಿಯಿಂದ ಕೈಬಿಟ್ಟರು. ಅದರ ಅಡಿಯಲ್ಲಿ ಕಾಲೇಜುಗಳ ಸಂಖ್ಯೆ ಹೆಚ್ಚಿತ್ತು. ನಮಗೆ ಸಮಾಧಾನವೇ. ಆದರೂ ಎಣಿಸಿದ್ದು ಕಾಲೇಜುಗಳನ್ನು. ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ತಾಗಿದ ಔರಾದಿನ ಹುಡುಗಿಯೊಬ್ಬಳು ಅಂಕಪಟ್ಟಿಯ ತಪ್ಪು ತಿದ್ದಿಸಲು ಬೀದರಕ್ಕೆ ಬಂದು, ಅಲ್ಲಿಂದ ಕಲಬುರಗಿಗೆ ಮತ್ತೆ ನೂರು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕಾಗಿದ್ದ ದಾರಿಯನ್ನು ಆ ಲೆಕ್ಕದಲ್ಲಿ ಯಾರಾದರೂ ಸೇರಿಸಿದ್ದರೇ?