ಮರಳಿ ಬಂದ ಆಟಗಾರ

ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕೆಲಸ ತೊರೆದು ಊರಿಗೆ ಮರಳಿದ ಶಿಷ್ಯನೊಬ್ಬ ಮೊನ್ನೆ ತಲೆತಗ್ಗಿಸಿ ನಿಂತಾಗ ನನಗೆ ಪಂಕಜ್ ಅಡ್ವಾಣಿಯವರ ನೆನಪಾಯಿತು.

ಬೆಂಗಳೂರಿನಲ್ಲಿ ಅರವಿಂದ್ ಸವೂರರ ಗರಡಿಯಲ್ಲಿ ಪಳಗಿದ ಅವರು 2003ರಲ್ಲಿ, ಹದಿನೆಂಟರ ಹರೆಯದಲ್ಲೇ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದರು. 2012ರಲ್ಲಿ ವೃತ್ತಿಪರ ಸರಣಿಗೆ ಕಾಲಿಟ್ಟು, ಮರುವರ್ಷವೇ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಆದರೂ 2014ರಲ್ಲಿ ಆ ಸರಣಿಯನ್ನು ಬಿಟ್ಟು ಬಂದರು. ಸ್ನೂಕರ್‌ಗೆ 22 ಚೆಂಡು, ಬಿಲಿಯರ್ಡ್ಸ್‌ಗೆ ಮೂರೇ; ಅವರು ಎರಡನ್ನೂ ಕೈಬಿಡಲಿಲ್ಲ. ಅದೇ ವರ್ಷ ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳ ವಿಶ್ವ ಪ್ರಶಸ್ತಿ ಅವರದಾಯಿತು. 2024ರ ವೇಳೆಗೆ ಒಟ್ಟು ವಿಶ್ವ ಪ್ರಶಸ್ತಿಗಳು 28.

ಎರಡು ದೋಣಿಯಲ್ಲಿ ಕಾಲಿಡಬೇಡಿರೆಂದು ತರಗತಿಯಲ್ಲಿ ನಿಮ್ಮನ್ನೆಲ್ಲ ಎಷ್ಟು ಬಾರಿ ಗದರಿಸಿದ್ದೆನೋ! ಮೊನ್ನೆ ಮಾತ್ರ ಗದರಿಸಲಿಲ್ಲ. ಕಾಫಿ ಕೊಟ್ಟು, ಈ ಕಥೆ ಹೇಳಿ ಕಳುಹಿಸಿದೆ.