ಕಾಳಿಯ ತಾಟು

ನಾಯಿಮರಿಗೆ ಹಾಲಲ್ಲಿ ನೆನೆಸಿದ ರೊಟ್ಟಿಯೋ, ಅಂಗಡಿಯ ಪೊಟ್ಟಣವೋ ಎಂಬ ಮಾತು ನಂದೂರಿನಲ್ಲಿ ಎದ್ದಾಗೆಲ್ಲ ನನಗೆ ಕಾಳಿ ನೆನಪಾಗುತ್ತದೆ. ನಮ್ಮದೇ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಆ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳೆಂದ. ಅವನು ಕೇಳಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು! ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು.

949-50ರ ಆತಕೂರು ಶಾಸನ ಇಷ್ಟನ್ನೂ ಹೇಳುತ್ತದೆ; ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಾಳಿಗೆ ಏನು ಉಣಿಸುತ್ತಿದ್ದರೆಂದು ಅದರಲ್ಲಿ ಒಂದಕ್ಷರವಿಲ್ಲ. ಅರಸರ ಬಿರುದುಗಳಿಗೆ ಜಾಗ ಸಾಲದ ಕಲ್ಲಿನಲ್ಲಿ ನಾಯಿಯ ತಾಟಿಗೆಲ್ಲಿಯ ಜಾಗ? ಮರಿ ಸಾಕುವ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು, ಹಾಗಾಗಿ ತಪ್ಪೂ ಬಂದಿದೆ: ಹಸುವಿನ ಹಾಲು ಎಷ್ಟೋ ಮರಿಗಳ ಹೊಟ್ಟೆ ಕೆಡಿಸುತ್ತದೆ, ಬರೀ ರೊಟ್ಟಿಯಿಂದ ಬೆಳೆಯುವ ಮೈಗೆ ಬೇಕಾದ ಪ್ರೋಟೀನು ಸಿಗದು. ಪೊಟ್ಟಣವಾದರೂ ಮರಿಗಳಿಗೆಂದೇ ಮಾಡಿದ್ದಿರಬೇಕು.

ಶಾಸನದಲ್ಲಿ ಊಟದ ಮಾತು ಬರುವುದು ಕಾಳಿ ಸತ್ತ ಮೇಲೆ. ಕಲ್ಲಿನ ಪೂಜೆಗೆ ಎರಡು ಖಂಡುಗ ಹೊಲ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವ ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನ ಪಾಲಿಗೆ.