ಆಟಿಸಂ ಬಗ್ಗೆ ಆಟಿಸಂ ಉಳ್ಳವರಿಂದಲೇ ತಿಳಿಯೋಣ

ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನು ಯೇಸುಸ್ವಾಮಿಯನ್ನು ಕೂಗಿ ಕರೆದಾಗ ಜನರು ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿ ಅವನನ್ನು ಹತ್ತಿರ ಕರೆಸಿ, ಅವನಿಗೆ ಏನಾಗಬೇಕೆಂದು ಅವನನ್ನೇ ಕೇಳಿದರು. ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿರುವ ಈ ಘಟನೆ ನಮಗೆಲ್ಲ ಪರಿಚಿತ. ಆದರೆ ಆಟಿಸಂ ಉಳ್ಳವರ ವಿಷಯದಲ್ಲಿ ನಾವು ಹೆಚ್ಚಾಗಿ ಗದರಿಸಿದ ಜನರ ಜೊತೆಗೇ ಇದ್ದೇವೆ.

ಇದನ್ನು ಇತರರ ಮೇಲೆ ಹೊರಿಸಿ ಬರೆಯುತ್ತಿಲ್ಲ. ಹಲವು ವರ್ಷಗಳ ಹಿಂದೆ ಭಾನುವಾರದ ಪೂಜೆಯ ವೇಳೆ ಒಬ್ಬ ಬಾಲಕ ಕಿವಿ ಮುಚ್ಚಿಕೊಂಡು ಜೋರಾಗಿ ಕಿರುಚುತ್ತಿದ್ದಾಗ, ಮಗುವನ್ನು ಹೊರಗೆ ಕರೆದುಕೊಂಡು ಹೋಗುವಂತೆ ನಾವೇ ಮೈಕಿನಲ್ಲಿ ತಾಯಿಗೆ ಹೇಳಿದ್ದೆವು. ಆ ಕುಟುಂಬ ಮರುವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಮಗುವಿಗೆ ಆಟಿಸಂ ಇದೆ ಎಂಬುದು ತಡವಾಗಿ ತಿಳಿಯಿತು. ಆ ಬಳಿಕ ಈ ವಿಷಯದ ಬಗ್ಗೆ ಓದತೊಡಗಿದೆವು. ಹೆಚ್ಚು ಕಲಿಸಿದ್ದು ಆಟಿಸಂ ಉಳ್ಳವರು ತಾವೇ ಬರೆದ ಪುಸ್ತಕಗಳು.

ಆಟಿಸಂ ಎಂದರೇನು?

ಆಟಿಸಂ, ಅಂದರೆ ಸ್ವಲೀನತೆ, ಹುಟ್ಟಿನಿಂದಲೇ ಇರುವ ಮೆದುಳಿನ ಬೆಳವಣಿಗೆಯ ಭಿನ್ನತೆ. ಇದು ಅಂಟುರೋಗವಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ಇತರರೊಂದಿಗೆ ಮಾತು ಮತ್ತು ಒಡನಾಟದಲ್ಲಿ ಕಷ್ಟ, ಒಂದೇ ಕ್ರಮ ಅಥವಾ ಆಸಕ್ತಿಗೆ ಅಂಟಿಕೊಳ್ಳುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಇದರ ಮುಖ್ಯ ಲಕ್ಷಣಗಳು. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಮಾಡುತ್ತಾರೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದಾಗ ಇದು ವೈದ್ಯಲೋಕದ ಗಮನಕ್ಕೆ ಬಂತು.

ಆ ನಂತರದ ದಶಕಗಳಲ್ಲಿ ತಾಯಂದಿರಿಗೆ ದೊಡ್ಡ ಅನ್ಯಾಯವಾಯಿತು. ತಾಯಿ ಪ್ರೀತಿ ತೋರಿಸದ ಕಾರಣ ಮಗು ಹೀಗಾಯಿತು ಎಂಬ ವಾದ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕ ಅದಕ್ಕೆ ಇನ್ನಷ್ಟು ಬಲ ನೀಡಿತು. ಆಟಿಸಂ ಉಳ್ಳ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಈ ವಾದವನ್ನು ಪ್ರಶ್ನಿಸಿದ್ದರು. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಇಂದು ಖಚಿತವಾಗಿದೆ. ಸಾಕಿದ ರೀತಿಯಾಗಲಿ, ಲಸಿಕೆಯಾಗಲಿ ಇದಕ್ಕೆ ಕಾರಣವಲ್ಲ. ಯಾರದೋ ಪಾಪದ ಫಲ ಎನ್ನುವವರು, ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಅದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಏನು ಉತ್ತರಿಸಿದರೆಂದು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದಬೇಕು.

ಅವರೇ ಹೇಳಿದ್ದು

1947ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಮೂರೂವರೆ ವರ್ಷವಾಗುವವರೆಗೆ ಮಾತು ಬಂದಿರಲಿಲ್ಲ. ಮುಂದೆ ಅವರು ಪಶು ವಿಜ್ಞಾನದ ಪ್ರಾಧ್ಯಾಪಕಿಯಾದರು. 1986ರಲ್ಲಿ ಪ್ರಕಟವಾದ ಅವರ ಆತ್ಮಕಥನ ಮತ್ತು ಆ ಬಳಿಕದ ಬರಹಗಳು ಆಟಿಸಂ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿದವು. ಶಾಲೆಯ ಗಂಟೆಯ ಸದ್ದು ತಮಗೆ ದಂತವೈದ್ಯರ ಯಂತ್ರ ಹಲ್ಲಿನ ನರಕ್ಕೆ ತಾಗಿದಷ್ಟು ನೋವು ಕೊಡುತ್ತಿತ್ತು ಎಂದು ಅವರು ವಿವರಿಸಿದ್ದಾರೆ. ಅಪ್ಪುಗೆ ಬೇಕೆನಿಸಿದರೂ ಯಾರಾದರೂ ಅಪ್ಪಿಕೊಂಡರೆ ತಡೆಯಲಾಗುತ್ತಿರಲಿಲ್ಲವಂತೆ.

ಅವರ ಇನ್ನೊಂದು ನೆನಪು ನಮಗೆ ನೇರವಾಗಿ ಸಂಬಂಧಿಸಿದೆ. ಬಾಲ್ಯದಲ್ಲಿ ಅವರು ಚರ್ಚಿನಲ್ಲಿ ತುಂಬಾ ರಂಪ ಮಾಡುತ್ತಿದ್ದರು. ಕಾರಣ ಭಾನುವಾರದ ವಿಶೇಷ ಬಟ್ಟೆ. ಅದರ ಒಳಲಂಗ ಮೈಗೆ ಮರಳುಕಾಗದ ಉಜ್ಜಿದಂತಾಗುತ್ತಿತ್ತು. ಇತರರು ಹೊಸ ಬಟ್ಟೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡರೆ, ತಮಗೆ ಮೂರು ನಾಲ್ಕು ದಿನ ಬೇಕಾಗುತ್ತದೆ ಎಂದು ಅವರು ಬರೆದಿದ್ದಾರೆ. ಅಂದು ಆ ಚರ್ಚಿನಲ್ಲಿದ್ದವರಿಗೆ ಕಂಡದ್ದು ಶಿಸ್ತಿಲ್ಲದ ಮಗು ಮಾತ್ರ. ಇಂದ್ರಿಯಗಳ ಈ ಅತಿಸೂಕ್ಷ್ಮತೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯ ಆಟಿಸಂ ಲಕ್ಷಣಗಳಲ್ಲಿ ಸ್ಪಷ್ಟವಾಗಿ ಸೇರಿದ್ದು 2013ರಲ್ಲಿ. ಅನುಭವಿಸಿದವರು ಅದನ್ನು ಬಹಳ ಮೊದಲೇ ಹೇಳಿದ್ದರು.

1993ರಲ್ಲಿ ಕೆನಡಾದ ಟೊರಾಂಟೋದಲ್ಲಿ ನಡೆದ ಸಮ್ಮೇಳನದಲ್ಲಿ ಆಟಿಸಂ ಉಳ್ಳ ಜಿಮ್ ಸಿಂಕ್ಲೇರ್ ಪೋಷಕರನ್ನು ಉದ್ದೇಶಿಸಿ ಮಾತನಾಡಿದರು. ನೀವು ನಿರೀಕ್ಷಿಸಿದ್ದ ಮಗು ಬರಲಿಲ್ಲವೆಂದು ದುಃಖಪಡುವುದು ಸಹಜ, ಆದರೆ ಆ ದುಃಖವನ್ನು ಎದುರಿಗಿರುವ ಮಗುವಿನ ಮೇಲೆ ಹಾಕಬೇಡಿ, ಈ ಮಗುವಿಗೆ ನೀವು ಬೇಕು ಎಂಬುದು ಅವರ ಮಾತಿನ ಸಾರ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಇವರೂ ಆಟಿಸಂ ಉಳ್ಳವರು, 2012ರಲ್ಲಿ ಇನ್ನೊಂದು ಅಂಶವನ್ನು ಮುಂದಿಟ್ಟರು. ಆಟಿಸಂ ಉಳ್ಳವರಿಗೆ ಇತರರು ಅರ್ಥವಾಗುವುದಿಲ್ಲ ಎನ್ನುತ್ತೇವೆ. ಅವರು ನಮಗೆ ಅರ್ಥವಾಗದಿರುವುದೂ ಅಷ್ಟೇ ನಿಜ. ಕೊರತೆ ಎರಡೂ ಕಡೆಯಲ್ಲಿದೆ.

ಮಾತು ಬಾರದವರು

ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದ ಟೀಟೋ ರಾಜರ್ಷಿ ಮುಖೋಪಾಧ್ಯಾಯ ಅವರ ಬರಹಗಳು 2000ದಲ್ಲಿ ಬ್ರಿಟನ್ನಿನಲ್ಲಿ ಪುಸ್ತಕವಾಗಿ ಬಂದವು. ಮಾತನಾಡಲು ಬಹಳ ಕಷ್ಟಪಡುವ ಟೀಟೋ, ತಮ್ಮ ಶರೀರ ಚೂರುಚೂರಾಗಿ ಚದುರಿದಂತೆ ಅನಿಸುತ್ತಿತ್ತು, ಗಿರಗಿರನೆ ತಿರುಗಿದಾಗ ಅದು ಒಂದಾದಂತೆ ಭಾಸವಾಗುತ್ತಿತ್ತು ಎಂದು ಬರೆದರು. ಅವರ ತಾಯಿ ರೂಪಿಸಿದ ಅಕ್ಷರ ತೋರಿಸುವ ವಿಧಾನದ ಬಗ್ಗೆ ಭಿನ್ನಾಭಿಪ್ರಾಯವಿದೆ. ಸಹಾಯಕರು ಅಕ್ಷರಫಲಕ ಹಿಡಿದಿರುವಾಗ ಬರುವ ಮಾತು ಮಗುವಿನದೋ ಸಹಾಯಕರದೋ ಎಂಬ ಸಂಶಯ ಮುಂದಿಟ್ಟು ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಅದರ ವಿರುದ್ಧ ಎಚ್ಚರಿಕೆ ನೀಡಿತು. ಆದ್ದರಿಂದ ಪೋಷಕರು ಯಾವುದೇ ವಿಧಾನಕ್ಕೆ ಹಣ ತೆರುವ ಮುನ್ನ ತಜ್ಞರನ್ನು ವಿಚಾರಿಸುವುದು ಒಳ್ಳೆಯದು. ಆದರೂ ಮಾತು ಬಾರದವರಿಗೆ ಏನೂ ತಿಳಿಯುವುದಿಲ್ಲ ಎಂದು ಎಂದಿಗೂ ಭಾವಿಸಬಾರದು. ಕೈಸನ್ನೆ, ಚಿತ್ರ, ಮುಖ ತಿರುಗಿಸುವುದು, ಓಡಿಹೋಗುವುದು ಇವೆಲ್ಲವೂ ಅವರು ನಮಗೆ ತಿಳಿಸುವ ರೀತಿಗಳು.

ಧರ್ಮಸಭೆಯ ನಿಲುವು

2014ರ ನವೆಂಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಆಟಿಸಂ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಜಗದ್ಗುರು ಫ್ರಾನ್ಸಿಸ್ ಅವರು ಆಟಿಸಂ ಉಳ್ಳವರನ್ನೂ ಅವರ ಕುಟುಂಬಗಳನ್ನೂ ಭೇಟಿಯಾಗಿ, ಅವರ ಒಂಟಿತನ ಮತ್ತು ಕಳಂಕವನ್ನು ತೊಡೆದುಹಾಕಲು ಕರೆನೀಡಿದರು. 2018ರ ನವೆಂಬರ್‌ನಲ್ಲಿ ಮಾತನಾಡಲಾಗದ ಬಾಲಕನೊಬ್ಬ ಅವರ ಸಾರ್ವಜನಿಕ ದರ್ಶನದ ವೇದಿಕೆಗೆ ಓಡಿಬಂದಾಗ, ಅವನನ್ನು ತಡೆಯದೆ ಅವನಷ್ಟಕ್ಕೆ ಆಡಲು ಬಿಟ್ಟರು. 2025ರಲ್ಲಿ ದೈವಾಧೀನರಾದ ಜಗದ್ಗುರುಗಳ ಈ ಮಾದರಿ ನಮಗೆ ಉಳಿದಿದೆ.

ಧರ್ಮಸಭೆಯ ಕಾನೂನು ಸಂಹಿತೆಯ 777ನೇ ನಿಯಮದಂತೆ, ಅಂಗವೈಕಲ್ಯ ಉಳ್ಳವರಿಗೆ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ಕೊಡಿಸುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯ. ಅದು ಬರಿಯ ಔದಾರ್ಯವಲ್ಲ. ಆಟಿಸಂ ಉಳ್ಳವರು ಬಲಿಪೀಠದಲ್ಲೂ ಇದ್ದಾರೆ. ವಂದನೀಯ ಮ್ಯಾಥ್ಯೂ ಶ್ನೈಡರ್ ಅವರು ತಮಗೆ ಆಟಿಸಂ ಇರುವುದನ್ನು 2019ರಲ್ಲಿ ಬಹಿರಂಗಪಡಿಸಿ, 2022ರಲ್ಲಿ ಆಟಿಸಂ ಉಳ್ಳವರ ಪ್ರಾರ್ಥನಾ ಜೀವನದ ಬಗ್ಗೆ ಪುಸ್ತಕವನ್ನೇ ಬರೆದರು.

ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

* ಕಿವಿ ಮುಚ್ಚಿಕೊಂಡ ಮಗುವಿಗೆ ಗಂಟೆ, ಮೈಕ್, ಬ್ಯಾಂಡ್ ಅಥವಾ ಗರ್ನಾಲಿನ ಸದ್ದು ನಿಜವಾಗಿಯೂ ನೋವು ಕೊಡುತ್ತಿರಬಹುದು. ಮೊಂತಿ ಹಬ್ಬದಂತಹ ದಿನಗಳಲ್ಲಿ ಸದ್ದು ಯಾವಾಗ ಬರುತ್ತದೆಂದು ಮನೆಯವರಿಗೆ ಮೊದಲೇ ತಿಳಿಸಿರಿ. ಧ್ವನಿವರ್ಧಕದಿಂದ ದೂರದ, ಬಾಗಿಲ ಬಳಿಯ ಒಂದು ಬೆಂಚನ್ನು ಅವರಿಗಾಗಿ ಬಿಡಿರಿ.
* ಮಗು ಕೈ ಬೀಸಿದರೆ, ಮೈ ತೂಗಿದರೆ ಬಲವಂತವಾಗಿ ನಿಲ್ಲಿಸಬೇಡಿ. ಹಬ್ಬದ ಬಟ್ಟೆಗೂ ಒತ್ತಾಯ ಬೇಡ.
* ಪ್ರಥಮ ಪರಮಪ್ರಸಾದಕ್ಕೆ ಮುನ್ನ ಅಭಿಮಂತ್ರಿಸದ ಅಪ್ಪದಿಂದ ಅಭ್ಯಾಸ ಮಾಡಿಸಬಹುದು. ಬಾಯಿಗೆ ಅದರ ಸ್ಪರ್ಶ ಒಗ್ಗದಿದ್ದರೆ ಸಣ್ಣ ತುಣುಕು ಸಾಕು. ಅಗತ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ನೀಡಲು 925ನೇ ನಿಯಮದಲ್ಲಿ ಅವಕಾಶವಿದೆ.
* ಪಾಪನಿವೇದನೆಗೆ ಮಾತು ಕಷ್ಟವಾದರೆ ಬರೆದು ತೋರಿಸಲು ಅವಕಾಶ ಕೊಡಿರಿ.
* ಧರ್ಮೋಪದೇಶ ತರಗತಿಯಲ್ಲಿ ಇಂದು ಏನೇನು ನಡೆಯುತ್ತದೆಂದು ಚಿತ್ರಗಳ ಮೂಲಕ ಕ್ರಮವಾಗಿ ತೋರಿಸಿರಿ. ಕ್ರಮ ಬದಲಾಗುವುದಿದ್ದರೆ ಮೊದಲೇ ಹೇಳಿರಿ.
* 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ಗುರ್ಕಾರರು ಕುಟುಂಬಗಳಿಗೆ ನೆರವಾಗಬಹುದು.

ಎಲ್ಲಕ್ಕೂ ಮೊದಲು, ಆಟಿಸಂ ಉಳ್ಳವರನ್ನೇ ಕೇಳಿರಿ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಲಿಕ್ಕಿಲ್ಲ. ಮಗುವಿಗೆ ಹೇಳಲಾಗದಿದ್ದರೆ ಅದರ ವರ್ತನೆಯನ್ನು ದಿನವೂ ನೋಡುವ ತಂದೆತಾಯಿಯನ್ನು ವಿಚಾರಿಸಿರಿ.

ನಿಮ್ಮ ವಾಳೆಯಲ್ಲಿ ಪೂಜೆಗೆ ಬರುವುದನ್ನು ನಿಲ್ಲಿಸಿದ ಇಂತಹ ಕುಟುಂಬ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿರಿ. ಉಪದೇಶ ಬೇಡ. ಯಾವ ವೇಳೆಯ ಪೂಜೆ ಅವರಿಗೆ ಅನುಕೂಲ, ಯಾವ ಬೆಂಚು ಬೇಕು ಎಂದು ಕೇಳಿ ಬನ್ನಿರಿ. ಅಂದು ನಾವು ಹೊರಗೆ ಕಳುಹಿಸಿದ ತಾಯಿಯನ್ನು ಹೀಗೆ ಕೇಳುವವರು ಯಾರೂ ಇರಲಿಲ್ಲ. ಕೇಳಬೇಕಾದವರು ನಾವೇ ಆಗಿದ್ದೆವು.